ಹ್ಯಾಮ್ ರೇಡಿಯೊ: ಪರೀಕ್ಷೆಯಿಂದ ಮೊದಲ ಆಂಟೆನಾದವರೆಗೆ

ಲೈಸೆನ್ಸ್ ಪಡೆದು ಸ್ವಂತ ರೇಡಿಯೊ ಸೆಟ್ಟಿನಿಂದ ಇತರರೊಡನೆ ಮಾತಾಡುವ ಹವ್ಯಾಸ ಹ್ಯಾಮ್ ರೇಡಿಯೊ. ಇದಕ್ಕೆ ಇಳಿಯುವವರು ಮೊದಲು ಕೇಳುವುದು "ಯಾವ ಸೆಟ್ ತಗೊಳ್ಳಲಿ?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಿಸಿಕೊಳ್ಳುವ ಅಭ್ಯಾಸ, ಆಮೇಲೆ ಲೈಸೆನ್ಸ್, ನಂತರ ಆಂಟೆನಾಗೆ ಜಾಗ, ಅದಾದ ಮೇಲೆ ಸೆಟ್. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಮಾತ್ರವಲ್ಲ, ಪ್ರಸಾರ ಮಾಡಬಲ್ಲ ಉಪಕರಣವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ಬಂದ ಕಟ್ಟಳೆ ಇದು. ಆನ್‌ಲೈನ್ ಅಂಗಡಿಯಲ್ಲಿ ವಾಕಿಟಾಕಿ ಅಗ್ಗಕ್ಕೆ ಸಿಕ್ಕಿತು ಅಂದಮಾತ್ರಕ್ಕೆ ಅದನ್ನು ಬಳಸಲು ಅನುಮತಿ ಸಿಕ್ಕಂತಲ್ಲ.

ಕೇಳುವುದರಿಂದ ಶುರು

ಕೇಳಲು ಖರ್ಚೇ ಬೇಕಿಲ್ಲ. ವೆಬ್‌ಎಸ್‌ಡಿಆರ್ ಎಂದು ಹುಡುಕಿದರೆ ಬೇರೆ ಬೇರೆ ಊರುಗಳಲ್ಲಿರುವ ರಿಸೀವರ್‌ಗಳನ್ನು ಬ್ರೌಸರ್‌ನಲ್ಲೇ ತಿರುಗಿಸಿ ಕೇಳಬಹುದು. ಭಾರತದ ಹ್ಯಾಮ್‌ಗಳು ಹೆಚ್ಚಾಗಿ ಮಾತಾಡುವುದು 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7.000ರಿಂದ 7.200 ಮೆಗಾಹರ್ಟ್ಸ್ ನಡುವೆ. ಬೆಳಗಿನ ಹೊತ್ತು 7.050ರಿಂದ ಮೇಲಕ್ಕೆ ನಿಧಾನವಾಗಿ ತಿರುಗಿಸಿ. ಮೋಡ್ ಎಲ್‌ಎಸ್‌ಬಿ ಇರಲಿ. ಸಿಗ್ನಲ್ಲಿನ ಒಂದೇ ಪಕ್ಕವನ್ನು ಕಳಿಸುವ ವಿಧಾನ ಎಸ್‌ಎಸ್‌ಬಿ; ಕೆಳಪಕ್ಕವಾದರೆ ಎಲ್‌ಎಸ್‌ಬಿ, ಮೇಲ್ಪಕ್ಕವಾದರೆ ಯುಎಸ್‌ಬಿ. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಎಲ್‌ಎಸ್‌ಬಿ, ಮೇಲೆ ಯುಎಸ್‌ಬಿ, ಇದು ಎಲ್ಲರೂ ಪಾಲಿಸುವ ರೂಢಿ. ಮನೆಯಲ್ಲಿರುವ ಹಳೇ ಶಾರ್ಟ್‌ವೇವ್ ರೇಡಿಯೊದಲ್ಲಿ ಈ ಮಾತು ಅರ್ಥವಾಗದ ಗೊಣಗಾಟವಾಗಿ ಕೇಳಿಸುತ್ತದೆ. ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅದರಲ್ಲಿ ಎಸ್‌ಎಸ್‌ಬಿ ಬಿಡಿಸುವ ಬಿಎಫ್‌ಒ ಎಂಬ ಸರ್ಕ್ಯೂಟ್ ಇಲ್ಲ ಅಷ್ಟೆ.

ಸ್ವಂತ ರಿಸೀವರ್ ಬೇಕಾದರೆ ಕಂಪ್ಯೂಟರಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕು. ಸಾದಾ ಡಾಂಗಲ್ ಸುಮಾರು 24 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಮಾತ್ರ ಹಿಡಿಯುತ್ತದೆ. 40 ಮೀಟರ್ ಬ್ಯಾಂಡಿಗೆ ಡೈರೆಕ್ಟ್ ಸ್ಯಾಂಪ್ಲಿಂಗ್ ಇರುವ ಮಾದರಿ ಅಥವಾ ಅಪ್‌ಕನ್ವರ್ಟರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಡಾಂಗಲ್ ಕೈಗೆ ಬಂದ ದಿನವೇ ಮಾಡಬಹುದಾದ ಒಂದು ಕೆಲಸ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಕೇಳಿದ್ದನ್ನು ಬೇರೆ ಫ್ರೀಕ್ವೆನ್ಸಿಯಲ್ಲಿ ಮತ್ತೆ ಪ್ರಸಾರ ಮಾಡುವ ಉಪಕರಣ) 437.800 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಮೋಡಿನಲ್ಲಿ ಮಾತು ಇಳಿಸುತ್ತದೆ. ನಿಲ್ದಾಣ ತಲೆಯ ಮೇಲೆ ಹಾಯುವ ಸುಮಾರು ಹತ್ತು ನಿಮಿಷದಲ್ಲಿ ಡಾಪ್ಲರ್ ಪರಿಣಾಮದಿಂದ ಫ್ರೀಕ್ವೆನ್ಸಿ ಜಾರುತ್ತ ಹೋಗುತ್ತದೆ. ಹಾಗಾಗಿ 437.810ರಲ್ಲಿ ಶುರುಮಾಡಿ 437.790ಕ್ಕೆ ಮುಗಿಸಬೇಕು. ಒಂದೇ ಜಾಗದಲ್ಲಿ ನಿಲ್ಲಿಸಿಟ್ಟು "ಏನೂ ಬರಲಿಲ್ಲ" ಅನ್ನುವವರೇ ಜಾಸ್ತಿ.

ಪರೀಕ್ಷೆ

ಪರೀಕ್ಷೆಯ ಪೂರ್ತಿ ಹೆಸರು ಅಮೆಚೂರ್ ಸ್ಟೇಷನ್ ಆಪರೇಟರ್ಸ್ ಸರ್ಟಿಫಿಕೇಟ್, ಬಾಯಲ್ಲಿ ಎಎಸ್‌ಒಸಿ. ಇದು ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲ್ಯಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗದ ಅಡಿ ಬರುತ್ತದೆ. ಪರೀಕ್ಷೆ ನಡೆಸುವುದು ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್‌ಗಳು. ನಮ್ಮ ರಾಜ್ಯದಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಇವೆ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು, ವಿದ್ಯಾರ್ಹತೆಯ ಕಟ್ಟುಪಾಡಿಲ್ಲ.

ದರ್ಜೆ ಎರಡು. ರಿಸ್ಟ್ರಿಕ್ಟೆಡ್ ದರ್ಜೆಗೆ ಲಿಖಿತ ಪರೀಕ್ಷೆ ಮಾತ್ರ. ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನಿಮ್ಮನ್ನು ಗುರುತಿಸುವ ಹೆಸರು, ವಿಯು3 ಎಂದು ಶುರುವಾಗುತ್ತದೆ. ಜನರಲ್ ದರ್ಜೆಗೆ ಲಿಖಿತದ ಜೊತೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸಲೂ ಬರಬೇಕು, ಬರೆದುಕೊಳ್ಳಲೂ ಬರಬೇಕು, ಕಾಲ್‌ಸೈನ್ ವಿಯು2. ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡುಗಳಲ್ಲಿ ಮೊದಲನೆಯದಕ್ಕೆ 50 ವ್ಯಾಟ್, ಎರಡನೆಯದಕ್ಕೆ 400 ವ್ಯಾಟ್ ಮಿತಿ. ಎಂಟು ಪಟ್ಟು ವ್ಯತ್ಯಾಸ ಎಂದು ಹೊಟ್ಟೆ ಉರಿಸಿಕೊಳ್ಳುವ ಮುನ್ನ ಲೆಕ್ಕ ನೋಡಿ: ಎಂಟು ಪಟ್ಟು ಅಂದರೆ 9 ಡೆಸಿಬೆಲ್, ಕೇಳುವವರ ಮೀಟರಿನಲ್ಲಿ ಒಂದು ಎಸ್-ಯೂನಿಟ್ ಅಂದರೆ 6 ಡೆಸಿಬೆಲ್. ಮುಳ್ಳು ಏರುವುದು ಒಂದೂವರೆ ಗೆರೆ. ಆಂಟೆನಾವನ್ನು ತಾರಸಿಯ ಕಟ್ಟೆಯಿಂದ ಹತ್ತು ಮೀಟರ್ ಎತ್ತರಕ್ಕೆ ಒಯ್ದರೆ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಸಿಗುತ್ತದೆ. ಆದ್ದರಿಂದ ರಿಸ್ಟ್ರಿಕ್ಟೆಡ್ ಬರೆದು ಗಾಳಿಗೆ ಬನ್ನಿ, ಮೋರ್ಸ್ ಆಮೇಲೆ ಕಲಿಯಿರಿ.

ಪ್ರಶ್ನೆಪತ್ರಿಕೆಯಲ್ಲಿ ಎರಡು ಭಾಗ: ರೇಡಿಯೊ ಸಿದ್ಧಾಂತ ಮತ್ತು ನಿಯಮಾವಳಿ. ರಿಸ್ಟ್ರಿಕ್ಟೆಡ್‌ನಲ್ಲಿ ಪ್ರತಿ ಭಾಗದಲ್ಲೂ ಶೇ 40, ಒಟ್ಟಾರೆ ಶೇ 50 ಬರಬೇಕು. ಎಲೆಕ್ಟ್ರಾನಿಕ್ಸ್ ಓದಿದವರು ನಿಯಮಾವಳಿಯನ್ನು ಕಡೆಗಣಿಸಿ ಅಲ್ಲೇ ಎಡವುತ್ತಾರೆ. ಕ್ಯೂ ಸಂಕೇತಗಳು, ಆಲ್ಫಾ ಬ್ರಾವೋ ಅಕ್ಷರಮಾಲೆ, ಮೇಡೇ ಮತ್ತು ಪ್ಯಾನ್ ಪ್ಯಾನ್ ಕರೆಗಳ ವ್ಯತ್ಯಾಸ, ಜೆ3ಇ ಅಂದರೆ ಎಸ್‌ಎಸ್‌ಬಿ, ಎಫ್3ಇ ಅಂದರೆ ಎಫ್‌ಎಂ, ಎ1ಎ ಅಂದರೆ ಮೋರ್ಸ್, ಇವೆಲ್ಲ ಬಾಯಿಪಾಠ ಮಾಡಿದರೆ ಅಂಕ ಖಾತ್ರಿ. ಸಿದ್ಧಾಂತದಲ್ಲಿ ಓಮ್‌ನ ನಿಯಮ, ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಸರಣಿ-ಸಮಾಂತರ ಜೋಡಣೆ, ರೆಸೊನೆನ್ಸ್, ಸೂಪರ್‌ಹೆಟರೊಡೈನ್ ರಿಸೀವರ್‌ನ ಬ್ಲಾಕ್ ಚಿತ್ರ, ಅಯಾನುಗೋಲದ ಡಿ, ಇ, ಎಫ್ ಪದರಗಳು ಚೆನ್ನಾಗಿ ಗೊತ್ತಿರಲಿ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗಾಂತರ ಮೀಟರಿನಲ್ಲಿ ಬರುತ್ತದೆ. ಈ ಒಂದು ಸೂತ್ರ ಪರೀಕ್ಷೆಗೂ ಆಗುತ್ತದೆ, ಆಂಟೆನಾ ಕಟ್ಟುವಾಗಲೂ ಆಗುತ್ತದೆ.

ಅರ್ಜಿ ಹಾಕುವುದು ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಹೆಸರು, ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲೂ ಅಕ್ಷರ ತಪ್ಪದೆ ಒಂದೇ ಥರ ಇರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು ಇರುವ ನಮ್ಮ ಕಡೆಯ ಪದ್ಧತಿ ಇಲ್ಲಿ ತಲೆನೋವು ತರುತ್ತದೆ. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ನಿಯಮಗಳು ಒಂದೊಂದಾಗಿ ಬದಲಾಗುತ್ತಿವೆ. ಶುಲ್ಕ, ಅಂಕ, ವಿದ್ಯುತ್ ಮಿತಿಗಳನ್ನು ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ತರಬೇತಿ ಬೇಕೆನಿಸಿದರೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಅಥವಾ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ಬನ್ನು ಸಂಪರ್ಕಿಸಿ. ಪರೀಕ್ಷೆ ಪಾಸಾದರೂ ಕಾಲ್‌ಸೈನ್ ಕೈಸೇರುವವರೆಗೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವಂತಿಲ್ಲ.

ಮೋರ್ಸ್ ಬಗ್ಗೆ ಒಂದೇ ಮಾತು: ಚುಕ್ಕೆ-ಗೆರೆಯ ಪಟ್ಟಿಯನ್ನು ಕಣ್ಣಿನಿಂದ ಕಲಿಯಬೇಡಿ. ಪ್ರತಿ ಅಕ್ಷರವನ್ನು 15ರಿಂದ 18 ಪದದ ವೇಗದಲ್ಲೇ ಕೇಳಿ, ಅಕ್ಷರಗಳ ನಡುವಿನ ಅಂತರ ಮಾತ್ರ ಹಿಗ್ಗಿಸಿಕೊಳ್ಳಿ. ನಿಧಾನವಾಗಿ ಕೇಳಿ ಎಣಿಸುವ ಚಟ ಹತ್ತಿದರೆ ವೇಗ ಮುಂದಕ್ಕೆ ಹೋಗುವುದೇ ಇಲ್ಲ.

ಸೆಟ್

ಊರಿನಲ್ಲಿ ರಿಪೀಟರ್ ಇದ್ದರೆ 144ರಿಂದ 146 ಮೆಗಾಹರ್ಟ್ಸ್‌ನ 5 ವ್ಯಾಟ್ ಕೈಸೆಟ್ ಒಳ್ಳೆಯ ಆರಂಭ. ರಿಪೀಟರಿಗೆ ಕಳಿಸುವ ಫ್ರೀಕ್ವೆನ್ಸಿ ಸಾಮಾನ್ಯವಾಗಿ ಕೇಳುವುದಕ್ಕಿಂತ 600 ಕಿಲೋಹರ್ಟ್ಸ್ ಕೆಳಗಿರುತ್ತದೆ, ಜೊತೆಗೆ ರಿಪೀಟರನ್ನು ತೆರೆಯುವ ಟೋನ್ ಬೇಕಾಗಬಹುದು. ಎಲ್ಲರೂ ನಿಮಗೆ ಕೇಳಿಸುತ್ತಿದ್ದು ನೀವು ಯಾರಿಗೂ ಕೇಳಿಸದಿದ್ದರೆ ಈ ಎರಡರಲ್ಲಿ ಒಂದು ತಪ್ಪಿದೆ.

ರಿಪೀಟರ್ ಇಲ್ಲದ ಊರಿನವರು ಕೈಸೆಟ್ಟಿಗೆ ದುಡ್ಡು ಹಾಕದೆ ನೇರ 40 ಮೀಟರಿಗೆ ಬರುವುದು ವಾಸಿ. ಹೈದರಾಬಾದಿನ ಅಶ್ಹರ್ ಫರ್ಹಾನ್, ಕಾಲ್‌ಸೈನ್ ವಿಯು2ಇಎಸ್‌ಇ, ನಮ್ಮಲ್ಲೇ ಸಿಗುವ ಬಿಡಿಭಾಗಗಳಿಂದ ಕಟ್ಟಬಹುದಾದ ಬಿಟ್‌ಎಕ್ಸ್ ವಿನ್ಯಾಸಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅಂಥ 5ರಿಂದ 10 ವ್ಯಾಟ್ ಸೆಟ್ಟಿನಲ್ಲಿ ಹಗಲು ಹೊತ್ತು ರಾಜ್ಯದ ಆ ತುದಿಯಿಂದ ಈ ತುದಿಗೆ ಮಾತಾಡಬಹುದು. 100 ವ್ಯಾಟಿನ ಹಳೆಯ ಸೆಟ್ ಕೊಳ್ಳುವುದಾದರೆ ಪೂರ್ತಿ ಶಕ್ತಿಯಲ್ಲಿ 13.8 ವೋಲ್ಟಿನಲ್ಲಿ 20 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ ಎಂಬುದು ಗಮನದಲ್ಲಿರಲಿ. ವಿಯು3ರವರು ಶಕ್ತಿಯನ್ನು ತಮ್ಮ ಮಿತಿಯೊಳಗೆ ಇಳಿಸಿಕೊಳ್ಳಬೇಕು. ಸಣ್ಣ 7 ಆಂಪಿಯರ್-ಅವರ್ ಬ್ಯಾಟರಿ ಕಟ್ಟಿದರೆ ಜೋರಾಗಿ ಮಾತಾಡಿದಾಗಲೆಲ್ಲ ವೋಲ್ಟೇಜ್ ಕುಸಿದು ದನಿ ಒಡೆಯುತ್ತದೆ.

40 ಮೀಟರ್ ಡೈಪೋಲ್

ದುಡ್ಡಿಗಿಂತ ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ. ಡೈಪೋಲ್ ಅಂದರೆ ನಡುವಿನಿಂದ ಎರಡು ಕಡೆಗೆ ಚಾಚಿದ ಎರಡು ತಂತಿಯ ಆಂಟೆನಾ; ಒಂದೊಂದು ತಂತಿಯೂ ಒಂದು ಕೈ. ಬೇಕಾದ ಸಾಮಾನು: ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್‌ನ ಪಿವಿಸಿ ಹೊದಿಕೆಯ ತಂತಿ 22 ಮೀಟರ್, ಆರ್‌ಜಿ-58 ಕೋಆಕ್ಸ್ ಕೇಬಲ್ (ನಡುತಂತಿಯ ಸುತ್ತ ಜಾಲರಿ ಇರುವಂಥದು) 25 ಮೀಟರ್, 15 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪಿನ ಮೂರು ತುಂಡು, ನೈಲಾನ್ ಹಗ್ಗ, ಒಂದು ಪಿಎಲ್-259 ಕನೆಕ್ಟರ್, ನೀರು ಹೋಗದಂತೆ ಸುತ್ತಲು ರಬ್ಬರ್ ಟೇಪ್. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಕೇಬಲ್ಲು, ಕನೆಕ್ಟರ್ ಸಿಗುತ್ತವೆ. ಉಳಿದದ್ದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಇರುತ್ತದೆ.

ಉದ್ದದ ಲೆಕ್ಕ: ಅರ್ಧ ತರಂಗಾಂತರದ ತಂತಿಗೆ ಬಳಸುವ 143ನ್ನು ಬ್ಯಾಂಡಿನ ನಡುವಿನ 7.1 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ 20.14 ಮೀಟರ್, ಒಂದು ಕೈಗೆ 10.07. ಅಷ್ಟಕ್ಕೇ ಕತ್ತರಿಸಬೇಡಿ. ಒಂದೊಂದು ಕೈಗೂ 10.50 ಮೀಟರ್ ಕತ್ತರಿಸಿ, ಕೊನೆಯ 20 ಸೆಂಟಿಮೀಟರನ್ನು ಪೈಪಿನ ತೂತಿನಲ್ಲಿ ತೂರಿಸಿ ಹಿಂದಕ್ಕೆ ಮಡಚಿ ತಂತಿಗೇ ಸುತ್ತಿಡಿ. ಆಂಟೆನಾಗೆ ಲೆಕ್ಕವಾಗುವುದು ಮಡಿಕೆಯವರೆಗಿನ 10.30 ಮೀಟರ್.

ನಡುವಿನ ಪೈಪಿನ ತುಂಡಿನಲ್ಲಿ ಕೋಆಕ್ಸನ್ನು ಎರಡು ತೂತುಗಳ ಮೂಲಕ ಒಮ್ಮೆ ಬಳಸಿ ತನ್ನಿ. ಕೇಬಲ್ಲಿನ ಭಾರವನ್ನು ಪೈಪು ಹೊರಬೇಕು, ಬೆಸುಗೆ ಹೊರಬಾರದು. ತುದಿಯ 5 ಸೆಂಟಿಮೀಟರ್ ಹೊದಿಕೆ ತೆಗೆದು, ಜಾಲರಿಯನ್ನು ಕತ್ತರಿಸದೆ ಬಿಡಿಸಿ ಹುರಿ ಮಾಡಿ, ಅದನ್ನು ಒಂದು ಕೈಗೂ ನಡುತಂತಿಯನ್ನು ಇನ್ನೊಂದು ಕೈಗೂ ಬೆಸೆಯಿರಿ. ಬೆಸುಗೆಯ ಮೇಲೆ ಟೇಪು ಬಿಗಿಯಾಗಿ ಸುತ್ತಿ. ಇಲ್ಲಿಂದ ಒಳಗಿಳಿದ ಮಳೆನೀರು ಜಾಲರಿಯ ಉದ್ದಕ್ಕೂ ಹರಿದು ತಾಮ್ರವನ್ನು ಕಪ್ಪಾಗಿಸುತ್ತದೆ. ಮಲೆನಾಡು, ಕರಾವಳಿಯಲ್ಲಿ ಒಂದೇ ಮಳೆಗಾಲ ಸಾಕು. ನಡುವಿನ ಪೈಪಿನ ಕೆಳಗೇ 6 ಮೀಟರ್ ಕೋಆಕ್ಸನ್ನು 24 ಸೆಂಟಿಮೀಟರ್ ಅಗಲದ 8 ಸುತ್ತಾಗಿ ಸುತ್ತಿ ಕಟ್ಟಿಬಿಡಿ. ಇದು ಚೋಕ್. ಇದಿಲ್ಲದಿದ್ದರೆ ಕೇಬಲ್ಲಿನ ಹೊರಮೈಯೂ ಆಂಟೆನಾ ಆಗಿ, ಸೆಟ್ಟನ್ನು ಮುಟ್ಟಿದಾಗ ಮೀಟರ್ ಕುಣಿಯುತ್ತದೆ, ಮನೆಯ ಟಿವಿ ಗರಗರ ಅನ್ನುತ್ತದೆ.

ನಡು 10 ಮೀಟರ್ ಎತ್ತರ, ಎರಡು ತುದಿ ಕನಿಷ್ಠ 3 ಮೀಟರ್ ಎತ್ತರದಲ್ಲಿ ಬರುವಂತೆ ತಲೆಕೆಳಗಾದ 'ವಿ' ಆಕಾರದಲ್ಲಿ ಎಳೆಯಿರಿ. ಒಂದೇ ಎತ್ತರದ ಆಧಾರ ಸಾಕಾಗುವುದರಿಂದ ನಮ್ಮ ಮನೆಗಳಿಗೆ ಇದೇ ಅನುಕೂಲ. ತೆಂಗಿನಮರಕ್ಕೆ ಕಟ್ಟುವುದಾದರೆ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕೆಳಗೆ ಭಾರ ತೂಗಿಬಿಡಿ. ಗಾಳಿಗೆ ಮರ ತೂಗಿದಾಗ ಭಾರ ಮೇಲೆ ಕೆಳಗೆ ಆಡುತ್ತದೆ, ತಂತಿ ಹರಿಯುವುದಿಲ್ಲ. ತುದಿಗೆ ಒದ್ದೆ ಗರಿ ತಾಕಿದರೆ ರೆಸೊನೆನ್ಸ್ (ಆಂಟೆನಾ ಸರಿಹೊಂದುವ ಫ್ರೀಕ್ವೆನ್ಸಿ) ಜಾರುತ್ತದೆ. ಪ್ರಸಾರದ ವೇಳೆ ತುದಿಗಳಲ್ಲಿ ವೋಲ್ಟೇಜ್ ಹೆಚ್ಚಿರುವುದರಿಂದ ಮಕ್ಕಳ ಕೈಗೆ ಎಟುಕಬಾರದು. ವಿದ್ಯುತ್ ಕಂಬದ ತಂತಿಗಳ ಮೇಲೆ, ಕೆಳಗೆ, ಹತ್ತಿರ ಎಲ್ಲೂ ಆಂಟೆನಾ ಹಾಯಬಾರದು. ಹಗ್ಗ ಹರಿದು ಬಿದ್ದರೂ ಅವುಗಳನ್ನು ಮುಟ್ಟದಷ್ಟು ದೂರವಿರಲಿ.

ಈಗ ಅಳತೆ. ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೊವಿಎನ್‌ಎ ಇದ್ದರೆ 6.5ರಿಂದ 7.5 ಮೆಗಾಹರ್ಟ್ಸ್‌ಗೆ ಇಟ್ಟು, ಓಪನ್-ಶಾರ್ಟ್-ಲೋಡ್ ಕ್ಯಾಲಿಬ್ರೇಷನ್ ಮಾಡಿ ಎಸ್‌ಡಬ್ಲ್ಯೂಆರ್ (ಶಕ್ತಿ ಎಷ್ಟು ಹಿಂದಕ್ಕೆ ಮರಳುತ್ತದೆ ಎಂಬುದರ ಅಳತೆ; 1.0 ಅಂದರೆ ಏನೂ ಮರಳುವುದಿಲ್ಲ) ಗೆರೆ ಎಲ್ಲಿ ತಗ್ಗುತ್ತದೆ ನೋಡಿ. ತಂತಿ ಉದ್ದವಾಗಿರುವುದರಿಂದ, ಪಿವಿಸಿ ಹೊದಿಕೆಯಿಂದಲೂ, ತಗ್ಗು 7.1ಕ್ಕಿಂತ ಕೆಳಗೆ ಬರುತ್ತದೆ. ಅದು 6.95ರಲ್ಲಿ ಸಿಕ್ಕಿತೆನ್ನಿ. 10.30ನ್ನು 6.95ರಿಂದ ಗುಣಿಸಿ 7.1ರಿಂದ ಭಾಗಿಸಿ: 10.08. ಎರಡೂ ಕೈಯಲ್ಲಿ 22 ಸೆಂಟಿಮೀಟರ್ ಹೆಚ್ಚಿಗೆ ಮಡಚಿ ಸುತ್ತಿ, ಮತ್ತೆ ಏರಿಸಿ ಅಳೆಯಿರಿ. ಕತ್ತರಿ ಮುಟ್ಟಬೇಡಿ, ಮಡಚಿದ್ದನ್ನು ಬಿಚ್ಚಬಹುದು. ಎಸ್‌ಡಬ್ಲ್ಯೂಆರ್ 1.5ಕ್ಕಿಂತ ಕೆಳಗೆ ಬಂದರೆ ಸಾಕು, 1.0ರ ಹಟ ಬೇಡ. ಎಲ್ಲ ಫ್ರೀಕ್ವೆನ್ಸಿಯಲ್ಲೂ 3ಕ್ಕಿಂತ ಮೇಲೇ ಇದ್ದರೆ ಬೆಸುಗೆ ಅಥವಾ ಕನೆಕ್ಟರ್ ಬಿಟ್ಟಿದೆ. ಎಲ್ಲ ಕಡೆಯೂ 1.2 ಎಂದು ಸಪಾಟಾಗಿ ತೋರಿಸಿದರೆ ಖುಷಿಪಡಬೇಡಿ, ಕೇಬಲ್ ನೀರು ಕುಡಿದು ಶಕ್ತಿಯನ್ನೆಲ್ಲ ತಾನೇ ನುಂಗುತ್ತಿರಬಹುದು.

ಇದೇ ಆರ್‌ಜಿ-58 ಕೇಬಲ್ಲನ್ನು 145 ಮೆಗಾಹರ್ಟ್ಸ್‌ಗೆ 20 ಮೀಟರ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಹೋಗುತ್ತದೆ. ಆ ಬ್ಯಾಂಡಿಗೆ ಆರ್‌ಜಿ-213 ಬೇಕು, ಇಲ್ಲವೇ ಕೇಬಲ್ ಗಿಡ್ಡ ಮಾಡಬೇಕು.

ಗುಡುಗು ಕೇಳಿಸಿದೊಡನೆ ಕೋಆಕ್ಸನ್ನು ಸೆಟ್ಟಿನಿಂದ ಬಿಚ್ಚಿ ಕಿಟಕಿಯ ಹೊರಗೆ ಹಾಕಿ. ಏಪ್ರಿಲ್-ಮೇ ಸಂಜೆಗಳಲ್ಲಿ 40 ಮೀಟರಿನಲ್ಲಿ ಸಿಡಿಲಿನ ಚಟಪಟವೇ ತುಂಬಿರುತ್ತದೆ, ಆಗ ಕಳೆದುಕೊಳ್ಳುವುದೂ ಹೆಚ್ಚೇನಿಲ್ಲ.

ಮೊದಲ ಮಾತು

ಸಿಕ್ಯೂ (ಯಾರಾದರೂ ಮಾತಿಗೆ ಬನ್ನಿ ಎಂಬ ಕರೆ) ಕರೆಯುವುದಕ್ಕಿಂತ ಬೇರೆಯವರ ಕರೆಗೆ ಉತ್ತರ ಕೊಡುವುದು ಸುಲಭ. ನೆಟ್, ಅಂದರೆ ಒಬ್ಬ ಕಂಟ್ರೋಲರ್ ನಡೆಸುವ ಗುಂಪು ಮಾತುಕತೆ, ನಡೆಯುತ್ತಿದ್ದರೆ ನಡುವಿನ ಬಿಡುವಿನಲ್ಲಿ "ವಿಕ್ಟರ್ ಯೂನಿಫಾರ್ಮ್ ತ್ರೀ" ಎಂದು ಶುರುಮಾಡಿ ನಿಮ್ಮ ಮೂರು ಅಕ್ಷರ ಸೇರಿಸಿ ಒಂದೇ ಸಲ ಹೇಳಿ, ಕಂಟ್ರೋಲರ್ ಕರೆಯುವವರೆಗೆ ಸುಮ್ಮನಿರಿ. ಅವರ ಸಿಗ್ನಲ್ ರಿಪೋರ್ಟ್, ನಿಮ್ಮ ಹೆಸರು, ಊರು, ಅಷ್ಟೇ ಸಾಕು. ಸಂಗೀತ, ವ್ಯಾಪಾರದ ಮಾತು, ಗುಟ್ಟಿನ ಸಂಕೇತ ಗಾಳಿಯಲ್ಲಿ ನಿಷಿದ್ಧ. ಬ್ಯಾಂಡಿನ ಅಂಚಿಗೆ ಹೋಗಬೇಡಿ: ಎಲ್‌ಎಸ್‌ಬಿಯಲ್ಲಿ ಡಯಲ್ 7.000 ತೋರಿಸಿದರೆ ನಿಮ್ಮ ದನಿ ಸುಮಾರು 3 ಕಿಲೋಹರ್ಟ್ಸ್ ಕೆಳಗೆ, ಬ್ಯಾಂಡಿನ ಹೊರಗಿದೆ.

ಲಾಗ್ (ಮಾತುಕತೆಗಳ ದಾಖಲೆ) ಬರೆಯುವಾಗ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ; ಬೆಳಿಗ್ಗೆ 7:30 ಅಂದರೆ 02:00. ಬೆಳಗಿನ ಜಾವ 5:30ಕ್ಕೆ ಮುಂಚಿನ ಮಾತುಕತೆಗೆ ಹಿಂದಿನ ದಿನದ ತಾರೀಖು ಹಾಕಬೇಕು. ಇದನ್ನು ಮರೆತರೆ ವಿದೇಶದವರ ಲಾಗಿಗೂ ನಿಮ್ಮದಕ್ಕೂ ತಾಳೆಯಾಗದೆ ಮಾತುಕತೆಯನ್ನು ಖಚಿತಪಡಿಸುವ ಕ್ಯೂಎಸ್‌ಎಲ್ ಕಾರ್ಡು ಬರುವುದಿಲ್ಲ.

ಏನೂ ಕೇಳಿಸದಷ್ಟು ಗದ್ದಲವಿದ್ದರೆ ದೋಷ ಹೆಚ್ಚಾಗಿ ಮನೆಯೊಳಗೇ ಇರುತ್ತದೆ. ಸೆಟ್ಟನ್ನು ಬ್ಯಾಟರಿಗೆ ಹಾಕಿ, ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ. ಯುಪಿಎಸ್ ಅದರ ಪಾಡಿಗೆ ಓಡುತ್ತಿರುತ್ತದೆ, ಅದನ್ನು ಬೇರೆಯಾಗಿಯೇ ಆರಿಸಬೇಕು. ಯಾವುದನ್ನು ಇಳಿಸಿದಾಗ ಗದ್ದಲ ನಿಂತಿತೋ ಆ ಸಾಲಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ರೂಟರ್ ಅಡಾಪ್ಟರ್‌ಗಳನ್ನು ಒಂದೊಂದೇ ಕಿತ್ತು ನೋಡಿ. ಕಳ್ಳ ಸಿಕ್ಕ ಮೇಲೆ ಅದರ ತಂತಿಯನ್ನು ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಿ. ಅಷ್ಟಕ್ಕೂ ಬಗ್ಗದಿದ್ದರೆ ಅಡಾಪ್ಟರನ್ನೇ ಬದಲಿಸಿ. ಪಕ್ಕದ ಮನೆಯ ಅಡಾಪ್ಟರ್ ಆಗಿದ್ದರೆ ಹೊಸದೊಂದನ್ನು ನೀವೇ ಕೊಂಡು ಕೊಡುವುದು ಜಗಳಕ್ಕಿಂತ ಅಗ್ಗ.