ನೀರಿಗೆ ಹಾಕಿದ ಲಕೋಟೆಗಳು

ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಸೇನೆಯಲ್ಲಿದ್ದ ದೊಡ್ಡಪ್ಪನವರು ಬರೆದ ಕಾಗದಗಳ ಕಟ್ಟೊಂದಿತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ನಾನು ಅವುಗಳ ಲಕೋಟೆಗಳನ್ನೆಲ್ಲ ಬೋಗುಣಿಯ ನೀರಿನಲ್ಲಿ ನೆನೆಸಿ, ಅಂಟು ಬಿಟ್ಟ ಮೇಲೆ ಅಂಚೆಚೀಟಿಗಳನ್ನು ಮೆಲ್ಲನೆ ಬಿಡಿಸಿ, ಹಳೆಯ ಪತ್ರಿಕೆಯ ಮೇಲೆ ಒಣಗಿಸಿ ಆಲ್ಬಮ್ಮಿಗೆ ಅಂಟಿಸಿದೆ. ಒದ್ದೆಯಾದ ಲಕೋಟೆಗಳು ಬಚ್ಚಲೊಲೆ ಸೇರಿದವು. ಆ ಚೀಟಿಗಳು ಇಂದು ಯಾವ ಸಂಗ್ರಾಹಕರ ಬಳಿಯಾದರೂ ಸಿಗುತ್ತವೆ; ನಮ್ಮೂರಿನ ವಿಳಾಸ ಹೊತ್ತು ಬಂದ ಆ ಲಕೋಟೆಗಳು ಮಾತ್ರ ಮತ್ತೆ ಸಿಗುವುದಿಲ್ಲ. ಈ ನೋವು ನನಗೆ ಇನ್ನೂ ಹೋಗಿಲ್ಲ.

ಬೆಂಗಳೂರಿನ ಮ್ಯೂಸಿಯಂ ರಸ್ತೆಯ ಅಂಚೆ ಸಂಗ್ರಹಾಲಯಕ್ಕೆ ಹೋಗಿ ಬಂದ ಮೇಲೆಯೇ ನಾನು ಬಿಡಿ ಚೀಟಿಗಳನ್ನು ಕೂಡಿಡುವುದನ್ನು ಬಿಟ್ಟು, ಕೊಡಗಿಗೆ ಬಂದ ಮತ್ತು ಕೊಡಗಿನಿಂದ ಹೊರಟ ಇಡೀ ಲಕೋಟೆಗಳನ್ನು ಹುಡುಕತೊಡಗಿದ್ದು. ಒಂದು ಲಕೋಟೆಯ ಕಾಲವನ್ನು ಗುರುತಿಸುವುದಕ್ಕೆ, ಮುದ್ರೆ ಮಸುಕಾಗಿದ್ದರೂ, ಹಲವು ದಾರಿಗಳಿವೆ. ಚೀಟಿಯ ಬೆಲೆ ಆಣೆಯಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮೊದಲು ಅಚ್ಚಾದದ್ದು. ‘ನಯೇ ಪೈಸೆ’ ಎಂದಿದ್ದರೆ ಸಾಮಾನ್ಯವಾಗಿ ಅದಕ್ಕೂ 1964ಕ್ಕೂ ನಡುವಿನದು, ಏಕೆಂದರೆ ‘ನಯೇ’ ಎಂಬುದನ್ನು 1964ರಲ್ಲಿ ಕೈಬಿಡಲಾಯಿತು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮಡಿಕೇರಿ, ಕೊಡಗು’ ಎಂಬುದನ್ನು ಹಳೆಯ ಇಂಗ್ಲಿಷ್ ರೂಪದಲ್ಲಿ ‘ಮೆರ್ಕೆರಾ, ಕೂರ್ಗ್’ ಎಂದು ಬರೆದದ್ದನ್ನು ಕಂಡಾಗ, 1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯವನ್ನು ಸೇರುವವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ನನ್ನ ಕಣ್ಣ ಮುಂದೆ ಬರುತ್ತದೆ. ಆದರೆ ಹಳಬರು ಆ ಬಳಿಕವೂ ಬಹಳ ಕಾಲ ಹಾಗೆಯೇ ಬರೆಯುತ್ತಿದ್ದುದರಿಂದ ವಿಳಾಸವೊಂದನ್ನೇ ನಂಬಿ ಕಾಲ ನಿರ್ಧರಿಸಬಾರದು.

ಹೀಗೆ ಕೂಡಿದ್ದನ್ನು ಅಕ್ಟೋಬರ್ 9ರ ವಿಶ್ವ ಅಂಚೆ ದಿನದಂದು ಮಡಿಕೇರಿಯ ಒಂದು ಸಭಾಂಗಣದಲ್ಲಿ ಜನರ ಮುಂದಿಟ್ಟೆ. ಮಕ್ಕಳ ಮೇಜಿನ ಮೇಲೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ 1995ರ ಚೀಟಿ, ಜನರಲ್ ತಿಮ್ಮಯ್ಯನವರ ನೆನಪಿಗೆ ಸೈಪ್ರಸ್ ದೇಶ 1966ರಲ್ಲಿ ತಂದ ಚೀಟಿ, 2017ರಲ್ಲಿ ಬಂದ ಕಾಫಿ ಪರಿಮಳದ ನೂರು ರೂಪಾಯಿಯ ಚೀಟಿ ಇದ್ದವು. ತೋಟದ ಮನೆಯ ಮಕ್ಕಳು ಕಾಫಿ ಚೀಟಿಯನ್ನು ಮೂಸಿ ನೋಡಲು ಸಾಲುಗಟ್ಟಿದರು. ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಸೈಪ್ರಸ್‌ನಲ್ಲಿಯೇ ತೀರಿಕೊಂಡರು ಎಂಬುದು ಹಿರಿಯರಲ್ಲಿ ಕೆಲವರಿಗೂ ಹೊಸ ಸಂಗತಿಯಾಗಿತ್ತು.

ನಿಮ್ಮ ಮನೆಯ ಹಳೆಯ ಕಾಗದಗಳನ್ನೂ ತನ್ನಿರೆಂದು ಮೊದಲೇ ಕೇಳಿಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ವೃದ್ಧೆ ಪ್ಲಾಸ್ಟಿಕ್ ಚೀಲದಿಂದ ಒಂದು ಇನ್‌ಲ್ಯಾಂಡ್ ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಗಳು ಸವೆದು ಬೆಳಕು ಕಾಣುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ದುಂಡನೆಯ ಮುದ್ರೆಯಲ್ಲಿ ಊರಿನ ಹೆಸರಿಲ್ಲ, ಅದರ ಜಾಗದಲ್ಲಿ ಒಂದು ಸಂಖ್ಯೆ ಮಾತ್ರ.

“ಇವರು ಎಲ್ಲಿಂದ ಬರೆದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಮಗಾ,” ಎಂದರು.

ಸೇನೆಯ ಅಂಚೆ ಕಚೇರಿಗಳು ಪಡೆ ಇರುವ ಜಾಗ ಹೊರಗೆ ತಿಳಿಯದಂತೆ ಸಂಖ್ಯೆಯನ್ನೇ ಮುದ್ರೆಯಲ್ಲಿ ಬಳಸುತ್ತವೆ ಎಂದು ನಾನು ವಿವರಿಸಿದೆ. ಹಿಂಬದಿಯಲ್ಲಿದ್ದ ನಮ್ಮ ಊರಿನ ಬಟವಾಡೆ ಮುದ್ರೆಯ ದಿನಾಂಕವನ್ನು ಮುಂಬದಿಯ ಮುದ್ರೆಯ ದಿನಾಂಕದೊಂದಿಗೆ ಹೋಲಿಸಿ ಎಣಿಸಿದಾಗ, ಕಾಗದ ದಾರಿಯಲ್ಲಿ ಹನ್ನೊಂದು ದಿನ ಕಳೆದದ್ದು ತಿಳಿಯಿತು. “ಹನ್ನೊಂದು ದಿನವಾ?” ಎಂದು ಅವರು ಬೆರಳು ಮಡಚಿ ತಾವೇ ಮತ್ತೊಮ್ಮೆ ಎಣಿಸಿದರು. ನಾನು ಆ ಪತ್ರವನ್ನು ನೀರಿಗೆ ಹಾಕುವ ವಯಸ್ಸಿನಲ್ಲಿದ್ದಿದ್ದರೆ ಆ ಎರಡು ಮುದ್ರೆಗಳೂ ಅಳಿದುಹೋಗುತ್ತಿದ್ದವು.

ನಮ್ಮ ಮಳೆಯಲ್ಲಿ ಇವನ್ನು ಕಾಪಾಡುವುದೇ ದೊಡ್ಡ ಕೆಲಸ. ಜುಲೈ-ಆಗಸ್ಟ್‌ನಲ್ಲಿ ಬರುವ ಕಕ್ಕಡ ತಿಂಗಳಲ್ಲಿ ನಾನು ಆಲ್ಬಮ್ ತೆರೆಯುವುದೇ ಇಲ್ಲ, ಏಕೆಂದರೆ ಗಾಳಿಯ ತೇವಕ್ಕೆ ಬಳಸದ ಚೀಟಿಯ ಅಂಟು ಹಾಳೆಗೆ ಹಿಡಿದುಕೊಳ್ಳುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಬಿಸಿಲು ಬಂದ ಮೇಲೆ ನೆರಳಿನಲ್ಲಿ ಗಾಳಿಗೆ ಹಿಡಿಯುತ್ತೇನೆ. ಹರಿದ ಮಡಿಕೆಗೆ ಸೆಲ್ಲೋಟೇಪ್ ಹಚ್ಚಬಾರದು. ಅದು ಹಳದಿಗಟ್ಟಿ ಕಾಗದವನ್ನೇ ತಿನ್ನುತ್ತದೆ. ಚೀಟಿಯನ್ನು ಚಿಮುಟದಿಂದಲೇ ಹಿಡಿಯಬೇಕು.

ವೃದ್ಧೆಯ ಪತ್ರವನ್ನು ನಾನು ಇಟ್ಟುಕೊಳ್ಳಲಿಲ್ಲ. ಎರಡೂ ಬದಿಯ ಚಿತ್ರ ತೆಗೆದುಕೊಂಡು, ಪಾರದರ್ಶಕ ಹೊದಿಕೆಯಲ್ಲಿ ಹಾಕಿ ಅವರ ಕೈಗೇ ಕೊಟ್ಟೆ. ಮರುವರ್ಷ ಅವರ ಮೊಮ್ಮಗಳು ಅದೇ ಹೊದಿಕೆಯೊಂದಿಗೆ ಇನ್ನೂ ಆರು ಪತ್ರಗಳನ್ನು ತಂದಳು; ಒಂದರಲ್ಲಿಯೂ ಚೀಟಿ ಕಿತ್ತ ಗುರುತಿರಲಿಲ್ಲ.