ಜೇಡ ಯಾವ ಬದಿಗೆ?

ಬದಿಯಡ್ಕ ಹತ್ತಿರದ ಕನ್ನಡ ಶಾಲೆಯಲ್ಲಿ ನಾನು ನಾಲ್ಕನೇ ಕ್ಲಾಸಿಗೆ ಕಲಿಸುತ್ತೇನೆ. ಕೀಟದ ಪಾಠಕ್ಕೆ ವ್ಯಾಖ್ಯೆ ಬರೆಸುವುದಿಲ್ಲ. ‘ಆರು ಕಾಲು, ಮೂರು ಭಾಗ’ ಅಂತ ಮೊದಲೇ ಹೇಳಿಬಿಟ್ಟರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಷ್ಟೆ. ಜೇಡ ಕಂಡರೆ ಆಮೇಲೂ ಕೀಟ ಅಂತಲೇ ಹೇಳುತ್ತಾರೆ.

ಜಗಲಿಯಲ್ಲಿ ಚಾಕಿನಿಂದ ಒಂದು ಗೆರೆ ಎಳೆಯುತ್ತೇನೆ. ಒಂದು ಬದಿ ‘ಹೌದು’, ಇನ್ನೊಂದು ಬದಿ ‘ಅಲ್ಲ’. ಯಾವುದಕ್ಕೆ ಹೌದು ಅಂತ ಹೇಳುವುದಿಲ್ಲ. ಇರುವೆ, ನೊಣ, ಸತ್ತ ಜಿರಳೆ ಹೌದು ಬದಿಗೆ. ಎರೆಹುಳ ಅಲ್ಲ ಬದಿಗೆ. ‘ಕಾಲಿರುವುದು’ ಅಂತ ಕೂಗುತ್ತಾರೆ. ಮೈತುಂಬ ಕಾಲಿರುವ ಚೇರಟೆಯನ್ನು (ಸಹಸ್ರಪದಿ) ‘ಅಲ್ಲ’ ಬದಿಗೆ ಇಟ್ಟ ಕೂಡಲೇ ಆ ಊಹೆ ಬಿತ್ತು. (ಮಳೆಗಾಲದಲ್ಲಿ ನಮ್ಮಲ್ಲಿ ಚೇರಟೆಗೆ ಬರವೇ ಇಲ್ಲ.) ‘ಹಾರುವುದು’ ಅಂದರೆ ಇರುವೆ ಅಡ್ಡ ಬರುತ್ತದೆ.

ಆಗ ಜೇಡ ತರಬೇಕು. ಮೊದಲೇ ತಂದರೆ ಸುಮ್ನೆ ಗೊಂದಲ. ನಾಲ್ಕೈದು ಊಹೆ ಬಿದ್ದ ಮೇಲೆ ತಂದರೆ ಮಕ್ಕಳೇ ಕಾಲು ಎಣಿಸಲು ಕೂರುತ್ತಾರೆ. ಎಂಟು! ತಪ್ಪು ಉದಾಹರಣೆ ಸರಿಯಾದದ್ದಕ್ಕೆ ತೀರಾ ಹತ್ತಿರ ಇದ್ದಷ್ಟೂ ಒಳ್ಳೆಯದು. ಎರೆಹುಳ ಕಲಿಸದ್ದನ್ನು ಜೇಡ ಕಲಿಸುತ್ತದೆ.

ಹೀಗೆ ಊಹಿಸಿ, ಉದಾಹರಣೆಗೆ ತಾಳೆ ನೋಡಿ, ಬಿಟ್ಟು ಮುಂದೆ ಹೋಗುವುದನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಮತ್ತು ಸಂಗಡಿಗರು 1956ರಲ್ಲಿ ವಿವರಿಸಿದ್ದರು. ಅವರದ್ದು 81 ಕಾರ್ಡುಗಳು. ಆಕಾರ, ಬಣ್ಣ, ಸಂಖ್ಯೆ, ಅಂಚಿನ ಗೆರೆ ನೋಡಿ ಗುಟ್ಟಿನ ನಿಯಮ ಕಂಡುಹಿಡಿಯಬೇಕಿತ್ತು. ಕಾರ್ಡಿಗಿಂತ ಜಿರಳೆಗೆ ಗಲಾಟೆ ಜಾಸ್ತಿ, ಅಲ್ವಾ?

ಒಮ್ಮೆ ಒಬ್ಬಳು ಬೇಲಿಯಿಂದ ಚಿಟ್ಟೆ ತಂದಳು. ಕಂದುಕಪ್ಪು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕೆ. “ಟೀಚರೇ, ಇದಕ್ಕೆ ನಾಲ್ಕೇ ಕಾಲು ಇರುವುದು. ಆಚೆ ಬದಿಗೆ ಇಡುವುದಾ?” ಭೂತಗನ್ನಡಿ ಕೊಟ್ಟೆ. ತಲೆಯ ಕೆಳಗೆ, ಎದೆಗೆ ಒತ್ತಿಕೊಂಡಂತೆ, ಕೂದಲು ತುಂಬಿದ ಎರಡು ಮೋಟು ಕಾಲು. ಈ ಜಾತಿಯ ಚಿಟ್ಟೆಗಳು ಅವನ್ನು ನಡೆಯಲು ಬಳಸುವುದಿಲ್ಲ. ಇಡೀ ಕ್ಲಾಸ್ ಸರತಿಯಲ್ಲಿ ನಿಂತು ನೋಡಿತು. ಕಂಬಳಿ ಹುಳವೂ ಹೀಗೆಯೇ ಜಗಳ ತಂದಿತು: ಮುಂದಿನ ಆರು ಮಾತ್ರ ನಿಜವಾದ ಕಾಲು, ಹಿಂದಿನವು ಬರೀ ಮಾಂಸದ ಮೋಟುಗಳು.

ನಿಯಮ ಗೊತ್ತಾದರೂ ಮನಸ್ಸಿನ ಚಿತ್ರ ಹೋಗುವುದಿಲ್ಲ. ‘ಇರುವೆ ಕೀಟವಾ?’ ಅಂದರೆ ಥಟ್ಟನೆ ಹೌದು. ‘ಕಂಬಳಿ ಹುಳ?’ ಅಂದರೆ ಒಂದು ಕ್ಷಣ ತಡೆಯುತ್ತಾರೆ. ದೊಡ್ಡವರೂ ಹಾಗೆಯೇ. ಗುಬ್ಬಿಯನ್ನು ಒಪ್ಪಿದಷ್ಟು ಸಲೀಸಾಗಿ ಕೋಳಿಯನ್ನೋ ಪೆಂಗ್ವಿನ್ನನ್ನೋ ಹಕ್ಕಿ ಅಂತ ಜನ ಒಪ್ಪುವುದಿಲ್ಲ ಎಂದು 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆ ಎಲಿನಾರ್ ರಾಶ್ ತೋರಿಸಿದರು. ಅದಕ್ಕೇ ಪರೀಕ್ಷೆಯಲ್ಲಿ ನಾನು ಇರುವೆಯನ್ನು ಕೇಳುವುದಿಲ್ಲ. ಗಣಿತದಲ್ಲೂ ತ್ರಿಕೋನವನ್ನು ತಲೆಕೆಳಗಾಗಿಯೇ ಬರೆಯುತ್ತೇನೆ. ಪಕ್ಕದಲ್ಲಿ ಒಂದು ಬದಿ ಬಾಗಿದ, ತ್ರಿಕೋನವಲ್ಲದ ಆಕೃತಿಯೂ ಇರುತ್ತದೆ.