1144ನೇ ನಂಬರ್

ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟಪಾಲು ಗುಮಾಸ್ತ. ಬಂದ ಅರ್ಜಿಗೆ ಸೀಲು ಹೊಡೆದು, ನಂಬರ್ ಹಾಕಿ, ಆವಕ ಪುಸ್ತಕದಲ್ಲಿ ಬರೆದು, ಆಯಾ ಟೇಬಲ್‌ಗೆ ಮುಟ್ಟಿಸೋದು ನನ್ನ ಕೆಲಸ. 19 ವರ್ಷದಿಂದ ಇದೇ. ಅದರಲ್ಲಿ ಮೊದಲ 12 ವರ್ಷ ಕುಡಿತದಲ್ಲೇ ಕಳೆದವು. ಬಿಟ್ಟು 7 ವರ್ಷ ಆಯ್ತು.

ಬಿಟ್ಟಿದ್ದು ಹೇಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಎರಡು ಸಲ ಹಠ ಹಿಡಿದು ಮನೆಯಲ್ಲೇ ಬಿಟ್ಟೆ. ಎರಡನೇ ಸಲ ಮಾರನೇ ದಿನವೇ ಫಿಟ್ಸ್ ಬಂತು. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂತ ಗೊತ್ತಾಗಿದ್ದು ಆಗ. ದಯವಿಟ್ಟು ಡಾಕ್ಟರ ಹತ್ತಿರ ಹೋಗಿಯೇ ಬಿಡಿ. ಮೂರನೇ ಸಲ ಮೈಸೂರಿನಲ್ಲಿ ಆಸ್ಪತ್ರೆ ಸೇರಿದೆ. ನಡುಕಕ್ಕೆ ಮಾತ್ರೆ, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಆಮೇಲೆ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗು. 1935ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೆ ಸಿಕ್ಕಿದ್ದ ಒಬ್ಬ ಷೇರು ದಲ್ಲಾಳಿ, ಒಬ್ಬ ಡಾಕ್ಟರು ಸೇರಿ ಶುರು ಮಾಡಿದ ಕೂಟ ಅದು. ಫೀಸಿಲ್ಲ. ಇವತ್ತೊಂದು ದಿನ ಮೊದಲ ಗ್ಲಾಸ್ ಮುಟ್ಟಬೇಡ ಅಂತಾರೆ.

ಕಷ್ಟ ಆಗಿದ್ದು ಕೆಲಸಕ್ಕೆ ವಾಪಸ್ ಬಂದಾಗ. ಕುಡಿಯುವಾಗ "ಈ ದರಿದ್ರ ಕೆಲಸ ಮಾಡ್ಕೊಂಡು ಕುಡೀದೆ ಇರೋಕಾಗುತ್ತಾ" ಅಂತಿದ್ದೆ. ಕುಡಿತ ಹೋಯ್ತು, ಕೆಲಸ ಹಾಗೇ ಇತ್ತು. ಬೇರೆಯವರು ಪ್ರಮೋಷನ್ ತಗೊಂಡು ಹೋಗಿದ್ದರು. ಮೀಟಿಂಗಿನಲ್ಲಿ ಇದನ್ನ ಹೇಳಿಕೊಂಡೆ. ಲೇತ್ ಕೆಲಸ ಮಾಡಿ ರಿಟೈರ್ ಆಗಿದ್ದ ಹಿರಿಯರೊಬ್ಬರು ಕೇಳಿಸಿಕೊಂಡು, "ನಾಳೆ ಒಂದು ಪುಟ ತಪ್ಪಿಲ್ಲದೆ ಬರಿಯಪ್ಪ, ಸಾಕು" ಅಂದರು.

ಬರೆದೆ. ಸ್ಕೇಲ್ ಇಟ್ಟು ಗೆರೆ ಎಳೆದು, ದಿನಾಂಕ, ಯಾರಿಂದ, ವಿಷಯ, ಯಾವ ಟೇಬಲ್ಲು, ಎಲ್ಲಾ. ಸಂಜೆ ಐದರ ಹೊತ್ತು ಬಲು ಕೆಟ್ಟದ್ದು, ಮೊದಲೆಲ್ಲ ಕಾಲು ತಾನಾಗಿ ಬಾರ್ ಕಡೆ ಹೋಗುತ್ತಿತ್ತು. ಹಸಿವಿದ್ದರೆ ಆಸೆ ಇನ್ನೂ ಜಾಸ್ತಿ. ಅದಕ್ಕೆ ನಾಲ್ಕೂವರೆಗೇ ಎರಡು ಬಾಳೆಹಣ್ಣು ತಿಂದು, ಆ ದಿನದ ಪುಟ ಪೂರ್ತಿ ತಾಳೆ ನೋಡಲು ಕೂರುತ್ತಿದ್ದೆ. ಸಂಬಳ ಹೆಂಡತಿ ಕೈಗೆ. ಬೀಳ್ಕೊಡುಗೆ ಪಾರ್ಟಿಗಳಿಗೆ ಎರಡು ವರ್ಷ ಹೋಗಲೇ ಇಲ್ಲ.

ಒಂದಿನ ರೆಕಾರ್ಡ್ ರೂಮಿನಲ್ಲಿ ನನ್ನದೇ ಹಳೇ ಆವಕ ಪುಸ್ತಕ ಸಿಕ್ಕಿತು. ಅಕ್ಷರ ಗುರುತೇ ಸಿಗಲಿಲ್ಲ. ಬೆಳಗಿನ ಸಾಲುಗಳೆಲ್ಲ ನಡುಗಿವೆ, ಮಧ್ಯಾಹ್ನದ ಮೇಲೆ ನೆಟ್ಟಗಿವೆ. ಊಟದ ಹೊತ್ತಲ್ಲಿ ಹೊರಗೆ ಹೋಗಿ ಹಾಕಿಕೊಂಡು ಬಂದ ಗುರುತು ಅದು. ಒಂದು ಕಡೆ 1143 ಆದಮೇಲೆ 1145 ಇದೆ. 1144 ಇಲ್ಲ. ನಂಬರ್ ಹಾರಿಸಿದೆನೋ, ಸೀಲು ಹೊಡೆದು ಬರೆಯೋದನ್ನೇ ಮರೆತೆನೋ. ಗಡುವಿನೊಳಗೆ ಕೆಲಸ ಮಾಡಿಕೊಡಬೇಕು ಅನ್ನೋ ಸರ್ಕಾರದ 'ಸಕಾಲ' ಯೋಜನೆಯಲ್ಲಿ ಬಂದ ಅರ್ಜಿಗಾದರೆ 15 ಅಂಕಿಯ ನಂಬರ್ ಇರುತ್ತೆ, ಆ ದಿನದಿಂದ ಗಡುವು ಶುರು. ಬಿಳಿ ಹಾಳೆಯಲ್ಲಿ ಬರೆದು ತಂದವರಿಗೆ ನನ್ನ ಪುಸ್ತಕದ ಒಂದು ಸಾಲು ಬಿಟ್ಟರೆ ಬೇರೆ ಗತಿ ಇಲ್ಲ. ಆ ಸಾಲು ಯಾರದ್ದಾಗಿತ್ತೋ. ಎಷ್ಟು ಸಲ ಬಸ್ಸು ಹತ್ತಿ ಬಂದು ಹೋದರೋ. ಅವತ್ತು ಅಲ್ಲೇ ಕೂತು ಅತ್ತೆ.

ಅವತ್ತಿನಿಂದ ಸಂಜೆ ಒಂದೊಂದೇ ನಂಬರ್ ಮೇಲೆ ಬೆರಳಿಟ್ಟು ಓದುತ್ತೇನೆ.

ಹೋದ ತಿಂಗಳು ಮದ್ದೂರು ಕಡೆಯ ಅಜ್ಜಿಯೊಬ್ಬರು ಬಂದರು. "ಮೂರು ಸಲ ಬಂದೋದೆ ಕಣಪ್ಪ, ಅರ್ಜಿನೇ ಬಂದಿಲ್ಲ ಅಂತಾರೆ." ಯಾವಾಗ ಕೊಟ್ಟಿರಿ ಅಂದರೆ "ಗೌರಿ ಹಬ್ಬದ ಹಿಂದಿನ್ ದಿನ" ಅಂದರು. ಪುಟ ತಿರುವಿದೆ. ಅವರ ಹೆಸರು, ಊರು, ಮುಂದೆ ತಗೊಂಡವರ ಸಹಿ, ಎಲ್ಲಾ ಇತ್ತು. ಪುಸ್ತಕ ಎತ್ತಿಕೊಂಡು ಅಜ್ಜಿ ಜೊತೆ ಆ ಟೇಬಲ್‌ಗೆ ಹೋದೆ. ಕಡತಗಳ ಅಡಿಯಿಂದ ಅರ್ಜಿ ಹೊರಗೆ ಬಂತು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಸಾಲು ತೋರಿಸು ಅಂದರು. ತೋರಿಸಿದೆ. ಅದರ ಮೇಲೆ ಬೆರಳಾಡಿಸಿ, "ನೀನೇ ಬರ್ದಿದ್ದಾ?" ಅಂತ ಕೇಳಿದರು.

"ಹೂಂ ಕಣಮ್ಮ, ನಾನೇ" ಅಂದೆ.